ಕ್ಷಮಿಸುವ ಹಕ್ಕು ಯಾರದು?

ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ದಿನಕ್ಕೆ ಎಷ್ಟೋ ಸಲ ಕ್ಷಮೆ ಬೇಡುತ್ತೇವೆ, ಕ್ಷಮಿಸುತ್ತೇವೆಂದು ಮಾತನ್ನೂ ಕೊಡುತ್ತೇವೆ. ಹೀಗಿರುವಾಗ ಕ್ಷಮೆಯ ವಿಷಯದಲ್ಲಿ ಎಚ್ಚರ ಬೇಕು ಎಂದರೆ ಕೆಲವರಿಗೆ ಹಿಡಿಸಲಾರದು. ಆದರೂ ಹೇಳಬೇಕಾಗಿದೆ. ಏಕೆಂದರೆ ಮನೆಯಲ್ಲಾಗಲಿ, ಊರ ಕಟ್ಟೆಯಲ್ಲಾಗಲಿ, ದೇವಾಲಯದ ಅಂಗಳದಲ್ಲಾಗಲಿ ಒಂದು ಮಗುವಿಗೆ ಕೆಡುಕಾಯಿತೆಂದು ತಿಳಿದಾಗ ಬೇಗನೆ ಕೇಳಿಬರುವ ಮಾತು ಇದು: “ಹೋಗ್ಲಿ ಬಿಡ್ರಿ, ತಪ್ಪು ಮಾಡ್ಯಾನ, ಕೈ ಮುಗದಾನ. ದೇವರ ಕ್ಷಮಿಸ್ತಾನಂದ್ರ ನಾವ್ಯಾರು?”

ನಾವ್ಯಾರು? ಪ್ರಶ್ನೆ ಸರಿಯಾದದ್ದೇ. ಅದನ್ನು ಕೇಳಿದವರು ಉತ್ತರಕ್ಕಾಗಿ ಕಾಯುವುದಿಲ್ಲ, ಅಷ್ಟೇ.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿರಿ. ಕ್ಷಮೆಗೆ ಲೆಕ್ಕವಿಡಬೇಡ ಎಂದು ಪೇತ್ರನಿಗೆ ಸ್ವಾಮಿ ಹೇಳುವುದು ಇಲ್ಲಿಯೇ. ಆದರೆ ಆ ಅಧ್ಯಾಯ ಶುರುವಾಗುವುದು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸುವುದರಿಂದ. ಆ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಲೇಸೆಂಬ ಕಠಿಣ ಮಾತು ಬರುವುದೂ ಇಲ್ಲಿಯೇ. ಎರಡನ್ನೂ ಆಡಿದ ಬಾಯಿ ಒಂದೇ. ಇವು ಒಂದಕ್ಕೊಂದು ವಿರುದ್ಧವೇ? ಅಲ್ಲ. ಪೇತ್ರ ಕೇಳಿದ್ದು ತನಗೆ ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕೆಂದು. ಪಕ್ಕದ ಮನೆಯ ಮಗುವಿಗೆ ತಪ್ಪು ಮಾಡಿದವನನ್ನು ತಾನು ಎಷ್ಟು ಸಲ ಕ್ಷಮಿಸಬಹುದೆಂದು ಅವನು ಕೇಳಲಿಲ್ಲ. ನನ್ನ ಕೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸುವುದು ಸದ್ಗುಣ. ಮಗುವಿನ ಕೆನ್ನೆಯನ್ನು ತೋರಿಸುವುದಕ್ಕೆ ಏನೆಂದು ಹೆಸರಿಡೋಣ?

ಇನ್ನು, ಕ್ಷಮಿಸಬೇಕಾದವರು ನೊಂದವರೇ ಎಂದು ಒಪ್ಪಿದ ಮಾತ್ರಕ್ಕೆ ಮುಗಿಯಲಿಲ್ಲ. ಒಲ್ಲೆ ಎನ್ನುವ ಸ್ವಾತಂತ್ರ್ಯ ಇಲ್ಲದವರ ಬಾಯಿಂದ ಹೊರಡುವ ಕ್ಷಮೆ ಎಂಥದು? ಇದನ್ನು ತಿಳಿಯಲು ನಮ್ಮ ಕೊಪ್ಪಳ ಜಿಲ್ಲೆಯ ಬದುಕನ್ನೇ ನೋಡಬೇಕು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆ ನೀರಿದೆ, ಭತ್ತ ಬೆಳೆಯುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯೇ ಆಧಾರ. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಹಾಸ್ಟೆಲಿಗೆ ಸೇರುತ್ತಾರೆ. ಅಜ್ಜಿಗೆ ಕಣ್ಣು ಮಂಜು, ಮೊಣಕಾಲು ನೋವು. ಸಂಜೆ ಯಾರು ಕರೆದರೂ ಆ ಮಗು ಹೋಗುತ್ತದೆ. ಕೆಡುಕು ಮಾಡುವವನು ಬಹುಮಟ್ಟಿಗೆ ಗುರುತಿಲ್ಲದವನಲ್ಲ. ಪೆಪ್ಪರಮೆಂಟು ಕೊಡುವವನು, ರಾತ್ರಿಯಾದರೆ ಮನೆತನಕ ಬಿಟ್ಟುಬರುವವನು, ಶಾಲೆಯ ಫೀ ಕಟ್ಟಿದವನು. ಮುಂದೆ ಸಂಗತಿ ಬಯಲಾದರೆ ಗುಳೆ ಹೋದ ತಾಯಿ ಫೋನಿನಲ್ಲಿ ಏನನ್ನುತ್ತಾಳೆ? “ಅವರ ಉಪ್ಪು ತಿಂದೀವಿ, ಹೆಂಗ ಬಾಯಿ ತೆಗೀಬೇಕು?” ಇದನ್ನು ಆಕೆಯ ಕ್ಷಮೆ ಎಂದು ಬರೆದುಕೊಳ್ಳುವವರಿದ್ದಾರೆ. ಇದು ಕ್ಷಮೆಯಲ್ಲ, ಸಾಲ ತೀರಿಸುವ ರೀತಿ. ತೀರಿಸುತ್ತಿರುವುದು ಮಾತ್ರ ಮಗು.

ಮಗುವಿನ ಪರವಾಗಿ ದೊಡ್ಡವರು ಒಪ್ಪಿಬಿಡುವ ರೋಗ ನಮ್ಮ ಭಾಗಕ್ಕೆ ಹೊಸದಲ್ಲ. ಇಲ್ಲಿ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟುತ್ತಿದ್ದಾಗ ಮನೆಯವರೂ ಹಿರಿಯರೂ ಒಪ್ಪಿಯೇ ಇದ್ದರು. ಅದನ್ನು ನಿಷೇಧಿಸಿ 1982ರಲ್ಲಿ ರಾಜ್ಯವು ಕಾನೂನು ಮಾಡಬೇಕಾಯಿತು. ಅದು ಬೇರೆಯವರ ಪದ್ಧತಿ ಎಂದು ನಾವು ಕ್ರೈಸ್ತರು ದೂರ ನಿಲ್ಲುವುದು ಸುಲಭ. ಆದರೆ ಹಿರಿಯರು ಕೂತು ಮಗುವಿನ ಪಾಲಿನ ತೀರ್ಮಾನ ಮಾಡುವ ಆ ಜಮಖಾನೆ ನಮ್ಮ ಮನೆಗಳಲ್ಲೂ ಹಾಸಿದೆ.

ಇಂಥ ರಾಜಿಗೆ ಕಾನೂನಿನ ಬೆಲೆ ಏನೆಂಬುದನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ರಾಜಸ್ಥಾನದ ಒಬ್ಬ ಶಾಲಾ ಶಿಕ್ಷಕನ ಮೇಲೆ ವಿದ್ಯಾರ್ಥಿನಿಯ ದೂರಿತ್ತು. ಹುಡುಗಿಯ ತಂದೆ ಶಿಕ್ಷಕನೊಡನೆ ರಾಜಿಯಾದ. ಅದನ್ನು ನಂಬಿ ಹೈಕೋರ್ಟು ಮೊಕದ್ದಮೆಯನ್ನೇ ರದ್ದು ಮಾಡಿತು. ಅದನ್ನು ಪ್ರಶ್ನಿಸಿ ದಿಲ್ಲಿಯ ಮೆಟ್ಟಿಲು ಹತ್ತಿದವನು ಮಗುವಿನ ಮನೆಯವನಲ್ಲ, ರಾಮ್‌ಜಿ ಲಾಲ್ ಬೈರವಾ ಎಂಬ ಹೊರಗಿನ ವ್ಯಕ್ತಿ. ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ಜಗಳವಲ್ಲ, ರಾಜಿಯಿಂದ ಮುಗಿಯುವಂಥದಲ್ಲ ಎಂದು ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಮತ್ತೆ ನಡೆಸಲು ಆದೇಶಿಸಿತು. ತಂದೆ ಮರೆತ ಕೆಲಸವನ್ನು ಸಂಬಂಧವಿಲ್ಲದವನೊಬ್ಬ ಮಾಡಿದ.

ನಮ್ಮ ಧರ್ಮಸಭೆಯೂ ಈ ಪಾಠವನ್ನು ಕಷ್ಟದಿಂದಲೇ ಕಲಿಯುತ್ತಿದೆ. ಕೊಡಗಿನಾಚೆ ಕೇರಳದ ಕೊಟ್ಟಿಯೂರಿನಲ್ಲಿ ಧರ್ಮಕೇಂದ್ರದ ಗುರುವೇ 2017ರಲ್ಲಿ ಬಂಧನಕ್ಕೊಳಗಾಗಿ 2019ರಲ್ಲಿ 20 ವರ್ಷಗಳ ಶಿಕ್ಷೆಗೆ ಗುರಿಯಾದದ್ದು ನೆನಪಿರಬಹುದು. ಹೈಕೋರ್ಟು ಆಮೇಲೆ ಅದನ್ನು 10 ವರ್ಷಕ್ಕೆ ಇಳಿಸಿತು. ಆ ಹೆಣ್ಣುಮಗಳನ್ನು ಮದುವೆಯಾಗಲು ಅನುಮತಿ ಕೇಳಿ ಹೋದ ಅರ್ಜಿಯನ್ನು 2021ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಮದುವೆ ಮಾಡಿಸಿ ಮುಗಿಸೋಣವೆನ್ನುವ ಹಿರಿಯರು ನಮ್ಮ ಕಡೆಯೂ ಇದ್ದಾರೆ, ಅವರಿಗಾಗಿ ಇದನ್ನು ಬರೆದೆ.

ಧರ್ಮಸಭೆಯ ಶಾಸನದಲ್ಲೇ ಆದ ಒಂದು ಬದಲಾವಣೆ ಇದಕ್ಕಿಂತ ಆಳವಾದದ್ದು. ಮೊದಲು ಗುರುವೊಬ್ಬನು ಮಗುವಿನ ಮೇಲೆ ಎಸಗಿದ ಈ ಅಪರಾಧವನ್ನು ಗುರುಗಳ ಕರ್ತವ್ಯಲೋಪಗಳ ಸಾಲಿನಲ್ಲಿ, ಬ್ರಹ್ಮಚರ್ಯದ ಭಂಗವೆಂಬಂತೆ ಇಟ್ಟಿದ್ದರು. ಪೋಪ್ ಫ್ರಾನ್ಸಿಸ್‌ರವರು ತಿದ್ದಿದ ಶಾಸನ 2021ರ ಡಿಸೆಂಬರ್ 8ರಂದು ಜಾರಿಗೆ ಬಂದಾಗ ಅದು ಮನುಷ್ಯನ ಜೀವ, ಘನತೆ, ಸ್ವಾತಂತ್ರ್ಯಗಳ ವಿರುದ್ಧದ ಅಪರಾಧಗಳ ಸಾಲಿಗೆ ಸೇರಿತು. ಸಭೆಯಲ್ಲಿ ಹುದ್ದೆ ಹೊಂದಿದ ಶ್ರೀಸಾಮಾನ್ಯರೂ ಅದರಡಿ ಬಂದರು. ಇದು ಬರಿಯ ಕಾಗದದ ಬದಲಾವಣೆಯಲ್ಲ. ತಪ್ಪು ವ್ರತಕ್ಕೆ ಆದದ್ದಾದರೆ ಮೇಲಿನವರು ಕ್ಷಮಿಸಿ ಬೇರೆ ಊರಿಗೆ ಕಳಿಸಬಹುದು. ತಪ್ಪು ಮಗುವಿಗೆ ಆದದ್ದಾದರೆ ಮೇಲಿನವರ ಕೈಯಲ್ಲಿ ಆ ಕ್ಷಮೆ ಇಲ್ಲವೇ ಇಲ್ಲ.

ಹಾಗಾದರೆ ಪಶ್ಚಾತ್ತಾಪಪಟ್ಟವನಿಗೆ ಬಾಗಿಲೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಪಾಪನಿವೇದನೆಯ ಪೀಠ ಯಾರಿಗೂ ಮುಚ್ಚಿಲ್ಲ, ಅಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಆಡುವಂತೆಯೂ ಇಲ್ಲ. ಆದರೆ ಧರ್ಮೋಪದೇಶದ ಟೀಚರಿಗೆ, ಸಿಸ್ಟರಿಗೆ, ಹಾಸ್ಟೆಲ್ ವಾರ್ಡನ್ನರಿಗೆ ಮಗು ಹೇಳಿಕೊಂಡದ್ದು ಪಾಪನಿವೇದನೆಯಲ್ಲ. ಆ ಮುದ್ರೆಯನ್ನು ಇಲ್ಲಿಗೆ ತಂದು ಒತ್ತಬಾರದು. ದೇವರ ಕ್ಷಮೆ ಸಿಕ್ಕಿತೆಂದು ನ್ಯಾಯದ ಕೆಲಸ ನಿಲ್ಲುವುದೂ ಇಲ್ಲ. 1981ರ ಮೇ 13ರಂದು ತಮಗೆ ಗುಂಡು ಹೊಡೆದ ಅಲಿ ಆಗ್ಚಾನನ್ನು ಎರಡನೆಯ ಜಾನ್ ಪೌಲರು ಕ್ಷಮಿಸಿದರು, 1983ರಲ್ಲಿ ಅವನ ಸೆರೆಕೋಣೆಗೇ ಹೋಗಿ ಪಕ್ಕದಲ್ಲಿ ಕೂತು ಮಾತಾಡಿದರು. ಮಾತು ಮುಗಿದ ಮೇಲೆ ಅವರು ಹೊರಗೆ ಬಂದರು, ಅವನು ಒಳಗೇ ಉಳಿದ. 2000ದವರೆಗೂ ಇಟಲಿಯ ಸೆರೆಯಲ್ಲೇ ಇದ್ದ. ಗುಂಡು ತಿಂದವರೇ ಕ್ಷಮಿಸಿದಾಗಲೂ ಹೀಗೆ.

ಸುಳ್ಳು ದೂರು ಬಂದರೆ? ಬರಬಹುದು, ಒಬ್ಬನ ಹೆಸರು ಹಾಳಾಗುವುದು ಸಣ್ಣ ಸಂಗತಿಯಲ್ಲ. ಆದರೆ ನಿರಪರಾಧಿಯ ಹೆಸರನ್ನು ತೊಳೆಯುವುದೂ ತನಿಖೆಯೇ. ಮುಚ್ಚಿಟ್ಟ ಮಾತು ಕಟ್ಟೆಯಿಂದ ಕಟ್ಟೆಗೆ ಪಿಸುಗುಟ್ಟುತ್ತಲೇ ಇರುತ್ತದೆ.

ಸಮುವೇಲನ ಎರಡನೆಯ ಗ್ರಂಥದಲ್ಲಿ ತಾಮಾರಳ ಕಥೆಯಿದೆ. ಅಮ್ನೋನನು ಆಕೆಯ ಮೇಲೆ ಬಲಾತ್ಕಾರ ಮಾಡುತ್ತಾನೆ. ಒಡಹುಟ್ಟಿದ ಅಬ್ಷಾಲೋಮನು, ಅವನೂ ನಿನ್ನ ಅಣ್ಣನೇ ಅಲ್ಲವೇ, ಸುಮ್ಮನಿರು ಎನ್ನುತ್ತಾನೆ. ತಂದೆ ದಾವೀದನಿಗೆ ಬಹಳ ಕೋಪ ಬರುತ್ತದೆ, ಏನೂ ಮಾಡುವುದಿಲ್ಲ. ಆಕೆ ಒಂಟಿಯಾಗಿ ಆ ಮನೆಯಲ್ಲೇ ಉಳಿಯುತ್ತಾಳೆ. ಎರಡು ವರ್ಷದ ಮೇಲೆ ಅದೇ ಮನೆತನದಲ್ಲಿ ಕೊಲೆಯಾಗುತ್ತದೆ. ಮನೆಯ ಮಾನ ಉಳಿಸಲು ಸುಮ್ಮನಿದ್ದವರಿಗೆ ಮಾನವೂ ಉಳಿಯಲಿಲ್ಲ, ಮನೆಯೂ ಉಳಿಯಲಿಲ್ಲ.

ಈಗ, ಮಗುವೊಂದು ನಮ್ಮ ಮುಂದೆ ಬಾಯಿಬಿಟ್ಟರೆ ಮಾಡುವುದೇನು? 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆವಾಸ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕ್ರಮವಿಲ್ಲ. ಠಾಣೆಯೆಂದರೆ ಅಂಜಿಕೆಯಾದರೆ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಬುದ್ಧಿ ಬೆಳೆಯದ ದೊಡ್ಡವರಿಗೆ, ಅಂಗವಿಕಲರಿಗೆ ಹಿಂಸೆಯಾದರೆ ತಾಲೂಕು ದಂಡಾಧಿಕಾರಿಗಳೂ ಆಗಿರುವ ತಹಸೀಲ್ದಾರರಿಗೆ ಯಾರು ಬೇಕಾದರೂ ತಿಳಿಸಬಹುದೆಂದು 2016ರ ಕಾಯ್ದೆ ಹೇಳುತ್ತದೆ. ಮಗುವನ್ನು ಮತ್ತೆ ಮತ್ತೆ ಕೇಳಿ ಪರೀಕ್ಷಿಸಬೇಡಿರಿ. ಆರೋಪ ಹೊತ್ತವನನ್ನು ಕರೆಸಿ ಎದುರಿಗೆ ನಿಲ್ಲಿಸಬೇಡಿರಿ. ಕ್ಷಮಿಸು ಎಂದು ಹೇಳಿಕೊಡಬೇಡಿರಿ. “ನೀ ಹೇಳಿದ್ದು ಛಲೋ ಆತವ್ವಾ, ನಿನ್ನ ತಪ್ಪಿಲ್ಲ” ಎಂದರೆ ಸಾಕು. ಹೇಳಿಕೆ ಬರೆದುಕೊಳ್ಳಲು ಅಧಿಕಾರಿಗಳು ಸಮವಸ್ತ್ರ ತೊಡದೆ ಮಗು ಇರುವಲ್ಲಿಗೇ ಬರಬೇಕೆಂದು, ಆದಷ್ಟೂ ಮಹಿಳೆಯೇ ಬರಬೇಕೆಂದು ಕಾಯ್ದೆಯಲ್ಲಿದೆ. ಅವರು ಬರುವ ಹೊತ್ತಿಗೆ ಮಗು ನಂಬುವ ಒಬ್ಬ ದೊಡ್ಡವರು ಪಕ್ಕದಲ್ಲಿ ಕೂತಿರಲಿ, ಗುಳೆ ಹೋದ ತಾಯಿಗೆ ಊರಿಗೆ ಬರಲು ಬಸ್ಸಿನ ದುಡ್ಡು ಕಳಿಸಿರಲಿ.