ತೂಗುವವನ ಧರ್ಮ

ಪರದೇಶದಿಂದ ಬಂದು ತನ್ನಲ್ಲಿ ನೆಲೆಸಬೇಕೆನ್ನುವವನನ್ನು ಒಂದು ರಾಷ್ಟ್ರವು ಯಾವ ನ್ಯಾಯದಿಂದ ಸ್ವೀಕರಿಸಬೇಕು, ಯಾವ ನ್ಯಾಯದಿಂದ ನಿರಾಕರಿಸಬೇಕು ಎಂಬುದು ಬರಿಯ ರಾಜನೀತಿಯ ಪ್ರಶ್ನೆಯಲ್ಲ. ಧರ್ಮದ ಪ್ರಶ್ನೆಯೂ ಹೌದು. ಅತಿಥಿಯ ವಿಷಯದಲ್ಲಿ ಹಿಂದಿನವರು ಸಂದೇಹಕ್ಕೆ ಎಡೆಯಿಟ್ಟಿಲ್ಲ. ಹಸಿದು ಬಾಗಿಲಿಗೆ ಬಂದವನಿಗೆ ವಿಚಾರಣೆಯಿಲ್ಲದೆ ಅನ್ನವಿಡಬೇಕೆಂಬುದೇ ಅವರ ವಿಧಿ. ಆದರೆ ಅತಿಥಿಯು ಉಂಡು ಮುಂದಕ್ಕೆ ಹೋಗತಕ್ಕವನು. ಮನೆಯಲ್ಲಿ ಪಾಲುಗಾರನಾಗಿಯೇ ನಿಲ್ಲುವೆನೆಂಬವನ ವಿಷಯ ಬೇರೆ. ಅಲ್ಲಿ ವಿಚಾರಣೆ ನಡೆಯುವುದು ಸಹಜ. ಇಷ್ಟನ್ನು ಒಪ್ಪಿದ ಮೇಲೆ, ಆ ವಿಚಾರಣೆಯ ಅಳತೆ ಯಾವುದಾಗಿರಬೇಕು, ಅಳೆಯುವವನ ಹೊಣೆ ಏನು ಎಂಬ ಎರಡು ಪ್ರಶ್ನೆಗಳು ಉಳಿಯುವುವು.

ಇವಕ್ಕೆ ಕೆನಡಾ ದೇಶದ ಚರಿತ್ರೆಯು ತಕ್ಕ ನಿದರ್ಶನ. ಅಲ್ಲಿ ಮೊದಲಿದ್ದ ಅಳತೆ ಜನ್ಮ. ಸ್ವದೇಶದಿಂದ ಹೊರಟು ನಡುವೆ ಎಲ್ಲಿಯೂ ತಂಗದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು ೧೯೦೮ರಲ್ಲಿ ಒಂದು ನಿಯಮವಾಯಿತು. ಮಾತಿನಲ್ಲಿ ಅದು ಯಾವ ಜನಾಂಗವನ್ನೂ ಹೆಸರಿಸಲಿಲ್ಲ; ಕಾರ್ಯದಲ್ಲಿ ಭಾರತೀಯರನ್ನು ತಡೆಯಿತು. ೧೯೧೪ರಲ್ಲಿ ಕೊಮಗಾಟ ಮಾರು ಎಂಬ ಹಡಗು ೩೭೬ ಮಂದಿಯನ್ನು ಹೊತ್ತು ವ್ಯಾಂಕೂವರಿಗೆ ಹೋದಾಗ, ಎರಡು ತಿಂಗಳು ಅದನ್ನು ನೀರಿನಲ್ಲಿಯೇ ನಿಲ್ಲಿಸಿ, ಕೆಲವರನ್ನುಳಿದು ಎಲ್ಲರನ್ನೂ ಹಿಂದಕ್ಕೆ ಕಳುಹಿದರು. ಹುಟ್ಟು ಅಡ್ಡವಾದೆಡೆಯಲ್ಲಿ ಕೈಯ ಕಸಬು ನೆರವಿಗೆ ಬರಲಿಲ್ಲ. ಆ ಅನ್ಯಾಯಕ್ಕಾಗಿ ಆ ದೇಶದ ಪ್ರಧಾನಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದುದು ೨೦೧೬ರಲ್ಲಿ.

೧೯೬೨ರಲ್ಲಿ ಜನಾಂಗಭೇದದ ನಿಯಮಗಳು ಬಹುಮಟ್ಟಿಗೆ ತೊಲಗಿದುವು. ೧೯೬೭ರಲ್ಲಿ ಅಂಕಗಳ ಪದ್ಧತಿ ಬಂದಿತು. ವಿದ್ಯೆ, ಕಸಬು, ವಯಸ್ಸು, ಭಾಷೆ ಮೊದಲಾದ ಒಂದೊಂದಕ್ಕೂ ಇಷ್ಟಿಷ್ಟೆಂದು ಗೊತ್ತುಮಾಡಿ, ೧೦೦ಕ್ಕೆ ೫೦ ಅಂಕ ಬಂದವನು ಅರ್ಹನೆಂದರು. ೨೦೧೫ರಲ್ಲಿ ಏರ್ಪಟ್ಟ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಕ್ರಮದಂತೆ, ಪರದೇಶದ ಅನುಭವದ ಬಲದಿಂದ ಕುಶಲ ಕೆಲಸಗಾರನಾಗಿ ಶಾಶ್ವತ ನಿವಾಸವನ್ನು ಬೇಡುವವನು ಎರಡು ತಕ್ಕಡಿಗಳನ್ನು ಏರಬೇಕು. ಒಂದರಲ್ಲಿ ೧೦೦ಕ್ಕೆ ೬೭ ಬಂದರೆ ಅರ್ಹತೆ. ಇನ್ನೊಂದರಲ್ಲಿ ೧೨೦೦ರ ಮಾನದಿಂದ ಅರ್ಹರನ್ನೆಲ್ಲ ಸಾಲಾಗಿ ನಿಲ್ಲಿಸಿ, ಆಯಾ ಸರದಿಯಲ್ಲಿ ಮೇಲೆ ನಿಂತವರನ್ನು ಮಾತ್ರ ಅರ್ಜಿ ಹಾಕಲು ಕರೆಯುವುದು.

ಮನುಷ್ಯನನ್ನು ಹೀಗೆ ಅಕ್ಕಿಯಂತೆ ಅಳೆಯುವುದು ಅವಮಾನವಲ್ಲವೆ ಎಂದು ಕೇಳುವವರುಂಟು. ಜನ್ಮವನ್ನು ಕೇಳುವ ಅಳತೆಗಿಂತ ವಿದ್ಯೆಯನ್ನು ಕೇಳುವ ಅಳತೆ ಮೇಲೆಂಬುದನ್ನು ಅವರು ಮರೆಯಬಾರದು. ಮೊದಲನೆಯದನ್ನು ಯಾರೂ ಬದಲಿಸಲಾರರು. ಎರಡನೆಯದನ್ನು ದುಡಿದು ಸಂಪಾದಿಸಬಹುದು. ಅಲ್ಲದೆ ಈ ಅಳತೆ ಬಹಿರಂಗವಾದುದು. ಧಾರವಾಡದಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತವನು ತನ್ನ ಅಂಕವನ್ನು ತಾನೇ ಎಣಿಸಿಕೊಳ್ಳಬಹುದು. ಯಾರ ಕೃಪೆಗೂ ಕೈಯೊಡ್ಡಬೇಕಾಗಿಲ್ಲ. ಆದರೂ ಜನ್ಮದ ನೆರಳು ಇದರಿಂದ ಪೂರ್ಣವಾಗಿ ಹೋಗಿಲ್ಲ. ಇಂಗ್ಲಿಷ್ ಅಥವಾ ಫ್ರೆಂಚ್ ಭಾಷೆಯನ್ನು ಬಾಲ್ಯದಲ್ಲಿಯೇ ಕಲಿತವನ ದಾರಿ ಹತ್ತಿರ. ವಯಸ್ಸಿನ ಅಂಕವಂತೂ ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗೆ ಪೂರ್ಣ, ನಲವತ್ತೈದಕ್ಕೆ ಶೂನ್ಯ. ಯಾವ ಶ್ರದ್ಧೆಯಿಂದಲೂ ಮನುಷ್ಯನು ಕಳೆದ ವರ್ಷವನ್ನು ಮರಳಿ ಪಡೆಯಲಾರನು.

ಇನ್ನು, ಶೀಲವನ್ನು ಅಂಕವು ಕಾಣದೆಂಬ ಆಕ್ಷೇಪ. ೧೯೬೭ರ ಪದ್ಧತಿಯಲ್ಲಿ ಅದಕ್ಕೂ ಒಂದು ಸ್ಥಳವಿತ್ತು. ಅರ್ಜಿದಾರನ ಉತ್ಸಾಹ, ಹೊಂದಿಕೆ, ಸ್ವಪ್ರಯತ್ನ ಇವನ್ನು ಅಧಿಕಾರಿಯೇ ಕಂಡು ತೂಗಿ, ೧೫ ಅಂಕಗಳವರೆಗೆ ಕೊಡಬಹುದಾಗಿತ್ತು. ಗುಣವನ್ನು ಕಾಣಬಲ್ಲ ಆ ಕಣ್ಣು ಮೈಬಣ್ಣವನ್ನೂ ಕಾಣಬಲ್ಲುದಷ್ಟೆ. ಇಂದಿನ ಎಣಿಕೆಯಲ್ಲಿ ಆ ಅಂಕಗಳಿಲ್ಲ. ಯಂತ್ರದ ಎಣಿಕೆಗೆ ದಯೆಯಿಲ್ಲ, ದ್ವೇಷವೂ ಇಲ್ಲ. ರೋಗಿಯಾದ ತಂದೆಯ ಸೇವೆಗಾಗಿ ಐದು ವರ್ಷ ಉದ್ಯೋಗ ಬಿಟ್ಟವನಿಗೆ ಆ ಐದು ವರ್ಷಗಳ ಲೆಕ್ಕದಲ್ಲಿ ಒಂದು ಅಂಕವೂ ಸಿಕ್ಕದು. ಆದುದರಿಂದ ಅಂಕವು ಹೇಳುವುದು ಇಷ್ಟನ್ನೇ: ಈ ಹೊತ್ತು ಈ ದೇಶಕ್ಕೆ ಇವನಿಂದ ಇಷ್ಟು ಪ್ರಯೋಜನ ತೋರುತ್ತದೆ. ಪ್ರಯೋಜನವೇ ಬೇರೆ, ಯೋಗ್ಯತೆಯೇ ಬೇರೆ. ಅಂಕ ಕಡಮೆಯಾದವನು ಕಡಮೆಯ ಮನುಷ್ಯನಲ್ಲ. ಅಂಕ ಹೆಚ್ಚಿದವನು ಹಿರಿಯನೂ ಅಲ್ಲ. ಅರ್ಜಿ ಹಾಕಿದ ಮಗನೂ ಅವನ ಫಲಿತಾಂಶವನ್ನು ಕಾದಿರುವ ಮನೆಯವರೂ ಈ ವಿವೇಕವನ್ನು ಕಳೆದುಕೊಂಡರೆ, ತಕ್ಕಡಿಯ ತಪ್ಪಿಲ್ಲದೆಯೂ ಅವಮಾನವು ಮನೆಯೊಳಗೆ ಬಂದು ಕೂಡುವುದು.

ಅಳತೆಯ ವಿಚಾರ ಹೀಗಾಯಿತು. ಅಳೆಯುವವನ ಹೊಣೆ ಇದಕ್ಕಿಂತ ದೊಡ್ಡದು. ೨೦೧೨ರಲ್ಲಿ ಕೆನಡಾ ಸರ್ಕಾರವು ಒಂದು ಕಾನೂನನ್ನು ಮಾಡಿ, ೨೦೦೮ರ ಫೆಬ್ರವರಿ ೨೭ಕ್ಕೆ ಮೊದಲು ಬಂದು ಇನ್ನೂ ತೀರ್ಮಾನವಾಗದಿದ್ದ ಕುಶಲ ಕೆಲಸಗಾರರ ಅರ್ಜಿಗಳನ್ನು ರದ್ದುಗೊಳಿಸಿತು. ಅರ್ಜಿದಾರರೂ ಅವರ ಕುಟುಂಬದವರೂ ಸೇರಿ ಸುಮಾರು ೨,೮೦,೦೦೦ ಮಂದಿಗೆ ಇದು ತಟ್ಟಿತು. ಶುಲ್ಕವನ್ನು ಹಿಂದಕ್ಕೆ ಕೊಡುವುದಾಗಿ ಹೇಳಿದರು. ವರ್ಷಗಳನ್ನು ಹಿಂದಕ್ಕೆ ಕೊಡುವವರಾರು? ಕಾಯುತ್ತಲೇ ವಯಸ್ಸಾದವನು ಹೊಸ ಅರ್ಜಿ ಹಾಕಿದರೆ, ಅದೇ ವಯಸ್ಸು ಅವನ ಅಂಕವನ್ನು ತಿನ್ನುವುದು.

ಸರ್ಕಾರದ ಪಕ್ಷದಲ್ಲಿಯೂ ಹೇಳತಕ್ಕುದುಂಟು. ಪರದೇಶೀಯನಿಗೆ ಪ್ರವೇಶದ ಹಕ್ಕಿಲ್ಲ. ಹಳೆಯ ರಾಶಿ ಕರಗದೆ ಹೊಸಬರಿಗೆ ದಾರಿಯಿಲ್ಲ. ನ್ಯಾಯಾಲಯಗಳೂ ಆ ಕಾನೂನನ್ನು ಎತ್ತಿಹಿಡಿದುವು. ಇದೆಲ್ಲ ನಿಜ. ಆದರೆ ಕಾನೂನಿಗೆ ಒಪ್ಪಿದುದೆಲ್ಲ ಧರ್ಮಕ್ಕೆ ಒಪ್ಪಿತೆಂದು ಹೇಳಲಾಗದು. ಅಳತೆಯನ್ನು ಸಾರಿ, ಶುಲ್ಕವನ್ನು ಪಡೆದು, ಸಾಲಿನಲ್ಲಿ ನಿಲ್ಲೆಂದ ಮೇಲೆ ಸರ್ಕಾರವು ಒಂದು ಮಾತು ಕೊಟ್ಟಂತಾಯಿತು. ಒಳಗೆ ಕರೆಯುವೆನೆಂಬ ಮಾತಲ್ಲ; ತೂಗಿ ಹೇಳುವೆನೆಂಬ ಮಾತು. ತೂಗಿ ಕಡಮೆಯೆಂದವನು ಅನ್ಯಾಯಗಾರನಲ್ಲ. ಸರದಿಯಲ್ಲಿ ನಿಲ್ಲಿಸಿ, ತೂಗದೆಯೇ ತಕ್ಕಡಿಯನ್ನು ಮಡಿಸಿದವನು ಮಾತಿಗೆ ತಪ್ಪಿದವನು.

ಒಳಗೆ ಬಂದವನ ವಿಷಯದಲ್ಲಿಯೂ ಇದೇ ನ್ಯಾಯ. ವೈದ್ಯನೊಬ್ಬನ ಪದವಿಯು ತಮ್ಮ ದೇಶದ ಪದವಿಗೆ ಸಮವೆಂದು ಪ್ರಮಾಣಪತ್ರವನ್ನು ತರಿಸಿಕೊಂಡು ಹೊಸ್ತಿಲಲ್ಲಿ ಅಂಕ ಕೊಡುವರು. ಹೊಸ್ತಿಲು ದಾಟಿದ ಮೇಲೆ, ವೃತ್ತಿಗೆ ಅನುಮತಿ ಕೊಡುವ ಅಧಿಕಾರ ಪ್ರಾಂತದ ವೈದ್ಯಮಂಡಲಿಯದು. ಅದಕ್ಕೆ ಬೇರೆ ಪರೀಕ್ಷೆ, ಬೇರೆ ತರಬೇತಿ, ಬೇರೆ ಕಾಯುವಿಕೆ. ರೋಗಿಗಳ ಕ್ಷೇಮಕ್ಕಾಗಿ ಪರೀಕ್ಷೆ ಬೇಕು, ಅದರಲ್ಲಿ ವಿವಾದವಿಲ್ಲ. ಆದರೆ ಯಾವ ವಿದ್ಯೆಗೆ ಬೆಲೆ ಕಟ್ಟಿ ಒಬ್ಬನನ್ನು ಕರೆದರೋ ಆ ವಿದ್ಯೆಗೆ ಎಡೆಯನ್ನು ಕಲ್ಪಿಸುವುದು ಕರೆದವರ ಹೊಣೆ. ಇಲ್ಲವಾದರೆ ತೂಗಿದುದು ಒಂದು, ಕೊಂಡುದು ಇನ್ನೊಂದು ಆಗುವುದು.

ತಕ್ಕಡಿ ಹಿಡಿಯುವ ಅಧಿಕಾರ ರಾಷ್ಟ್ರಕ್ಕೆ ಉಂಟು. ಸಂತೆಯ ವರ್ತಕನಿಗೂ ಅದು ಉಂಟು. ವರ್ತಕನ ಮರ್ಯಾದೆಯನ್ನು ಊರಿನವರು ಅಳೆಯುವುದು ಅವನ ತಕ್ಕಡಿಯ ಹೊಳಪಿನಿಂದಲ್ಲ, ಅವನ ಕಲ್ಲಿನ ಸಾಚಾತನದಿಂದ, ಅವನು ಕೊಟ್ಟ ಮಾತಿನಿಂದ. ರಾಷ್ಟ್ರಗಳಿಗೂ ಬೇರೆ ಅಳತೆಯಿಲ್ಲ.