ಔಟಾದವನಿಗೆ ಜೀವ

ಮದ್ದೂರು ಸೀಮೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳನ್ನು ನೀವು ನೋಡಿರುತ್ತೀರಿ. ಔಟಾದವನು ತಾನಾಗಿ ಒಳಗೆ ಬರುವಂತಿಲ್ಲ. ತಂಡದವರು ಎದುರಾಳಿಯನ್ನು ಔಟ್ ಮಾಡಿದರೆ ಅವನಿಗೆ ಮತ್ತೆ ಜೀವ. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದರು. ಅವರು ಮುಟ್ಟಿ ಬಂದಾಗಲೆಲ್ಲ ಹೊರಗೆ ಕುಳಿತಿದ್ದ ಜೊತೆಗಾರನೊಬ್ಬ ಎದ್ದು ಬರಬಹುದಿತ್ತು. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಸೂರಿನಿಂದ ಇಳಿಸಿದಾಗ ಯೇಸುಸ್ವಾಮಿ ಕಂಡದ್ದು ಹೊತ್ತು ತಂದವರ ವಿಶ್ವಾಸವನ್ನು (ಮಾರ್ಕ 2:5). ಹೀಗಿರುವಾಗ, ಕುಡಿತಕ್ಕೆ ಬಿದ್ದು ಪೂಜೆಗೆ ಬರುವುದನ್ನೇ ಬಿಟ್ಟ ತಮ್ಮನನ್ನು ‘ತಾನೇ ಸರಿಹೋಗಲಿ’ ಎಂದು ಹೊರಗೆ ಕೂರಿಸುವುದು ಯಾವ ನ್ಯಾಯ? ಪಶ್ಚಾತ್ತಾಪ ಅವನದೇ ಆಗಬೇಕು, ನಿಜ. ಆ ರೋಗಿ ಎದ್ದು ನಡೆದದ್ದೂ ತನ್ನ ಕಾಲಿನಿಂದಲೇ. ಆದರೆ ಈ ಭಾನುವಾರ ಪೂಜೆಗೆ ಮುಂಚೆ ಅವನ ಬಾಗಿಲು ತಟ್ಟುವವರು ನಿಮ್ಮ ಮನೆಯಲ್ಲಿ ಯಾರು?