ಬಣ್ಣದಡಿಯ ತುಕ್ಕು

ಹಳೆಯ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ಕೊಂಡು ಅಕ್ಕರೆಯಿಂದ ದುರಸ್ತಿ ಮಾಡುವವರು ಯುರೋಪಿನಲ್ಲಿ ಅನೇಕರಿದ್ದಾರೆ. ಒಳಗೆ ಹಾಸಿಗೆ, ಒಲೆ. ಚಕ್ರದ ಮೇಲೊಂದು ಪುಟ್ಟ ಮನೆ. 1950ರಲ್ಲಿ ಜರ್ಮನಿಯ ವೋಲ್ಫ್ಸ್‌ಬರ್ಗ್ ಕಾರ್ಖಾನೆಯಿಂದ ಹೊರಬರತೊಡಗಿದ ಈ ವ್ಯಾನು, ಅರವತ್ತರ ದಶಕದಲ್ಲಿ ಅಮೆರಿಕದ ಯುದ್ಧವಿರೋಧಿ ತರುಣರಿಗೆ ಶಾಂತಿಯ ಸಂಕೇತವಾಯಿತು. ಆದರೆ ಅದೇ ಕಾರ್ಖಾನೆಯಲ್ಲಿ ಎರಡನೇ ಮಹಾಯುದ್ಧದ ವೇಳೆ ಸೆರೆಯಾಳುಗಳನ್ನು ಬಲವಂತದಿಂದ ದುಡಿಸಲಾಗಿತ್ತು. ಬದುಕುಳಿದವರಿಗಾಗಿ ಕಂಪೆನಿ ನೆರವಿನ ನಿಧಿ ತೆರೆದದ್ದು 1998ರಲ್ಲಿ.

ಒಳ್ಳೆಯ ಮೆಕ್ಯಾನಿಕ್ ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದಿಲ್ಲ. ತಿಂದುಹೋದ ತಗಡು ಕತ್ತರಿಸಿ, ಹೊಸದನ್ನು ಬೆಸೆದ ಮೇಲೆಯೇ ಬಣ್ಣ. ಚರಿತ್ರೆಗೂ ಇದೇ ನ್ಯಾಯ. ಇಂದಿನ ಒಡೆಯನ ಮೇಲೆ ಆ ಪಾಪದ ಹೊರೆಯಿಲ್ಲ, ನಿಜ. ನೆನಪಿನ ಹೊಣೆಯಂತೂ ಇದೆ. ನಮ್ಮ ಕೈಗೆ ಬಂದ ಹಳೆಯ ವಸ್ತು ಒಂದು ಅಮಾನತ್. ಅದರ ಅಂದವನ್ನಷ್ಟೇ ಉಳಿಸಿಕೊಂಡು ದುಡಿದ ಕೈಗಳನ್ನು ಮರೆತರೆ, ನಾವು ನಂಬಿ ಒಪ್ಪಿಸಿದ ಗಂಟಿನಲ್ಲಿ ಅರ್ಧವನ್ನು ಕಳೆದಂತೆಯೇ.